ಫಂಡಿನ ಕಂತು ನಿಲ್ಲಿಸಬೇಡ

ಮರೀ,

ಷೇರುಪೇಟೆಯ ಇಂಡೆಕ್ಸ್ ಫಂಡಿನ ತಿಂಗಳ ಕಂತು ಇವತ್ತು ನಿಲ್ಲಿಸ್ತೀನಿ, ಇನ್ನು ಚಿಲ್ಲರೆ ಹೂಡೋ ಆ್ಯಪೇ ಸಾಕು ಅಂದಿದ್ದೆಯಲ್ಲ, ನಾನು ಬರುವವರೆಗೆ ತಡಿ. ನಿನ್ನ ನರ್ಸಿಂಗ್ ಓದು ಆ ಕಂತಿನ ಮೇಲೆಯೇ ನಿಂತಿದೆ.

ನನ್ನ ಫೋನಿಗೂ ಆ ಆ್ಯಪು ಹಾಕಿಕೊಟ್ಟೆಯಲ್ಲ. ಏನು ಕೊಂಡರೂ ಬೆಲೆಯನ್ನು ಮುಂದಿನ ಹತ್ತು ರೂಪಾಯಿಗೆ ಏರಿಸಿ, ಮೇಲಿನ ಚಿಲ್ಲರೆಯನ್ನು ಅದು ಹೂಡುತ್ತದೆ ಅಂದೆ. ಹೆಚ್ಚು ಬೀಳಲಿ ಎಂದು ನಾನು ಸೋಪಿಗೊಂದು ಸಲ, ಉಪ್ಪಿಗೊಂದು ಸಲ ಬೇರೆ ಬೇರೆ ದುಡ್ಡು ಕಟ್ಟಿದೆ. "ತಾತ, ಎಲ್ಲಾ ಒಟ್ಟಿಗೆ ತಗೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಅಂಗಡಿಯವಳು ನಗುತ್ತಿದ್ದಳು.

ಇವತ್ತು ಬೆಳಿಗ್ಗೆ ಆ್ಯಪಿನ ತಿಂಗಳ ಲೆಕ್ಕವನ್ನು ಅವಳ ಕೈಲೇ ಓದಿಸಿದೆ. ತಿಂಗಳಿಡೀ ಬಿದ್ದ ಚಿಲ್ಲರೆಗಿಂತ ಆ್ಯಪಿನವರು ಹಿಡಿದುಕೊಂಡ ಫೀಸೇ ಜಾಸ್ತಿಯಂತೆ. ಅಲ್ಲೇ ಅಕ್ಕಿಮೂಟೆಯ ಮೇಲೆ ಕೂತುಬಿಟ್ಟೆ. ಇನ್ನೂ ನಂಬಲಾಗುತ್ತಿಲ್ಲ.

ಫಂಡೂ ಏರಿಳಿಯುತ್ತದೆ, ಹೋದ ವರ್ಷ ಅದು ಬಿದ್ದಾಗ ನೀನು ಊಟ ಬಿಟ್ಟಿದ್ದು ನೆನಪಿದೆ. ಆದರೂ ಫಂಡಿನವರು ವರ್ಷಕ್ಕೆ ನೂರು ರೂಪಾಯಿಗೆ ಕೆಲವು ಪೈಸೆ ಫೀಸು ಹಿಡಿದರೆ ಹೆಚ್ಚು.

ಕಣ್ಣಿನ ಡಾಕ್ಟರ ಹತ್ತಿರ ಹೊರಟೆ. ಸಾರು ಬಿಸಿ ಮಾಡಿಕೊ. ಫೋನು ಮೇಜಿನ ಮೇಲಿದೆ, ಮೊದಲು ನನ್ನ ಆ್ಯಪು ಮುಚ್ಚು. ನಿನಗೆ ಹೇಳಿರಲಿಲ್ಲ, ಆ ಚಿಲ್ಲರೆಯನ್ನೂ ನಿನ್ನ ಓದಿಗೇ ಕೂಡಿಸುತ್ತಿದ್ದೆ.

ತಾತ