ಎರಡೂ ಎಡತೋಳು

ಶಹಾಬಾದ್
ಸೋಮವಾರ

ಪ್ರಮಿತಾ ಬಾಯಿಯವರಿಗೆ ಟೇಲರ್ ಅತೀಯಾಳ ಸಲಾಂ.

ನಿಮ್ಮ ಮಗಳ ಮದುವೆಯ ಜಂಪರಿನ ಎರಡೂ ತೋಳನ್ನು ಎಡಗೈಗೇ ಆಗುವಂತೆ ಕತ್ತರಿಸಿಬಿಟ್ಟಿದ್ದೇನೆ. ಇಪ್ಪತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಈಚೆಗೆ ಅಳತೆಯ ಚೀಟಿ ನಾಲ್ಕು ಸಲ ಓದಿದರೂ ಟೇಪು ಹಿಡಿಯುವಷ್ಟರಲ್ಲಿ ಮರೆತಿರುತ್ತದೆ. ಸೂಜಿಗೆ ದಾರ ಪೋಣಿಸಿ, ಮುಂದೇನೆಂದು ತಿಳಿಯದೆ ಕೂತುಬಿಡುತ್ತೇನೆ. ಮೈಗಳ್ಳತನವೆಂದು ನನ್ನನ್ನೇ ಬೈದುಕೊಂಡೆ. ಕಲಬುರಗಿಗೆ ಹೋಗಿ ತೋರಿಸಿದರೆ ಡಾಕ್ಟರಮ್ಮ, "ಇದು ಡಿಪ್ರೆಶನ್ ಅದವ್ವಾ, ತಲಿಗೂ ಭಾಳ ದಣಿವು ಆಗ್ತದ. ಗುಳಿಗಿ ತಗೋರಿ, ಒಂದೊಂದೇ ಕೆಲಸ ಮಾಡ್ರಿ" ಅಂದರು.

ಅಂಥದೇ ಬಟ್ಟೆ ತಂದಿಟ್ಟಿದ್ದೇನೆ. ಎಡತೋಳು ಹಚ್ಚಿಯಾಗಿದೆ, ಬಲದ್ದೊಂದೇ ಬಾಕಿ. ಬೇರೆ ಟೇಲರಿಗೆ ಕೊಟ್ಟರೂ ಬೇಜಾರಿಲ್ಲ. ನನಗೇ ಬಿಡುವುದಾದರೆ ಮಗಳನ್ನು ಕರೆತನ್ನಿ. ನಾನು ಕತ್ತರಿಸಿ ಮುಗಿಸುವವರೆಗೆ ಅವಳು ಬಲಗೈ ಚಾಚಿಕೊಂಡು ನನ್ನ ಎದುರಿಗೆ ಕೂತಿರಲಿ.

ನಿಮ್ಮ
ಅತೀಯಾ