ಕಂಪ್ಯೂಟರಿನಲ್ಲಿ ಹಸು ಸಾಕುವವಳು

ಪ್ರೀತಿಯ ಅತ್ತಿಗೆ,

ಕಚೇರಿಯ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಪಶುವೈದ್ಯರು ಸಂಜೆ ನಿಮ್ಮ ಕಡೆ ಹೊರಟಿದ್ದಾರೆ, ಅವರ ಕೈಯಲ್ಲೇ ಕಳಿಸುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ಈಚೆಗೆ ನಾವಿಬ್ಬರೂ ಫೋನಿನಲ್ಲಿ "ಊಟ ಆಯ್ತಾ" ಎಂಬುದನ್ನು ದಾಟಿ ಮುಂದೆ ಹೋಗಿಲ್ಲ.

ನನ್ನ ಕೆಲಸ ಏನೆಂದು ಅಣ್ಣನಿಗೆ ಬದುಕಿದ್ದ ತನಕ ಅರ್ಥವಾಗಲಿಲ್ಲ. ನಿಮಗೆ ಒಂದೇ ಸಲಕ್ಕೆ ಆಯಿತು. ಗಾಳಿಯಲ್ಲಿ ಬಂದ ವಿಕಿರಣದ ಧೂಳು ಹುಲ್ಲಿನ ಮೇಲೆ ಎಷ್ಟು ಕೂರುತ್ತದೆ, ಹಸು ಎಷ್ಟು ಮೇಯುತ್ತದೆ, ಅದರಲ್ಲಿ ಹಾಲಿಗೆ ಇಳಿಯುವುದೆಷ್ಟು, ಮಾಂಸದಲ್ಲಿ ಉಳಿಯುವುದೆಷ್ಟು, ಸಗಣಿಯಲ್ಲಿ ಹೋಗುವುದೆಷ್ಟು ಎಂದೆಲ್ಲ ನಾನು ಹೇಳಿದಾಗ, "ಅಂದ್ರೆ ಕಂಪ್ಯೂಟರಲ್ಲಿ ಹಸು ಸಾಕ್ತೀಯ ಅನ್ನು. ಸಗಣಿ ಬಾಚೋ ಕೆಲ್ಸ ಇಲ್ಲ, ಪುಣ್ಯವಂತೆ!" ಎಂದು ನಕ್ಕಿದ್ದಿರಿ.

ಆಮೇಲೆ ಗುಡ್ಡದಾಚೆಯ ಅಣು ಸ್ಥಾವರಕ್ಕೆ ಬೆಂಕಿ ಬಿತ್ತು. ಗಾಳಿ ನಿಮ್ಮ ಕಡೆಗೇ ಬೀಸಿತು. ನಕಾಶೆಯ ಕೆಂಪು ಭಾಗದೊಳಗೆ ನಿಮ್ಮ ಹುಲ್ಲುಗಾವಲನ್ನು ನಾನು ಬೆರಳಿಟ್ಟು ಗುರುತಿಸಬಲ್ಲವಳಾಗಿದ್ದೆ. ಹಾಲು ಚೆಲ್ಲಬೇಕೆಂಬ ಆದೇಶ ನಮ್ಮ ಕಚೇರಿಯಿಂದಲೇ ಹೊರಟಿತು.

ಮೇಲಿನವರು ಅಷ್ಟಕ್ಕೇ ನಿಲ್ಲಲಿಲ್ಲ. ಆ ಭಾಗದ ದನಗಳನ್ನೆಲ್ಲ ಕೊಂದು ಹೂಳಿಬಿಡೋಣ, ತಲೆನೋವೇ ಬೇಡ ಎಂದರು. ಹೊರಗಿನ ಮೇವು ತಂದು ಕೊಟ್ಟಿಗೆಯಲ್ಲೇ ಕಟ್ಟಿ ಹಾಕಿದರೆ ದನದ ಮೈ ಒಳಗಿನ ವಿಷವನ್ನು ತಾನಾಗಿ ತೊಳೆದುಕೊಳ್ಳುತ್ತದೆ, ಹಾಲು ಬೇಗ ಶುದ್ಧವಾಗುತ್ತದೆ, ಮಾಂಸ ನಿಧಾನಕ್ಕೆ ಎಂದು ನಾನು ವಾದಿಸಿದೆ. "ನಿಮ್ಮ ಪರದೆ ಹೇಳುತ್ತೆ ಸರಿ, ಹಸು ಹೇಳುತ್ತಾ?" ಎಂದರು ನಿರ್ದೇಶಕರು. ಮಾಡಿಯೇ ತೋರಿಸುತ್ತೇನೆ ಎಂದೆ. ಆ ಪ್ರಯೋಗಕ್ಕೆ ಯಾರೂ ತಮ್ಮ ದನ ಕೊಡಲು ಒಪ್ಪದಿದ್ದಾಗ ನಿಮ್ಮ ಬಾಗಿಲಿಗೆ ಬಂದೆ.

ನೀವು ಒಪ್ಪಿದಿರಿ. ಹೊರಗೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ಒಳಗೆ ಲಾರಿಯಲ್ಲಿ ಬಂದ ಒಣಮೇವು. ಹಸುಗಳು ಕಿಟಕಿಗೆ ಮೂತಿಯಿಟ್ಟು ಕೂಗುತ್ತಿದ್ದವು. ಕರೆದ ಹಾಲನ್ನು ಗುಂಡಿಗೆ ಸುರಿಯುವಾಗ ನೀವು ಒಮ್ಮೆಯೂ ಅದರ ಕಡೆ ನೋಡುತ್ತಿರಲಿಲ್ಲ. ಹಾಲಿನ ಪ್ರತಿ ಪರೀಕ್ಷೆಯಲ್ಲೂ ವಿಕಿರಣದ ಅಂಕಿ ಇಳಿಯುತ್ತಾ ಬಂತು, ನನ್ನ ಲೆಕ್ಕ ಹೇಳಿದ ಹಾಗೆಯೇ.

ಆದರೂ ಅವರಿಗೆ ಮಾಂಸದ ಸಾಕ್ಷಿ ಬೇಕಿತ್ತು. ಹಸುವಿನ ಮೈಗೆ ಉಪಕರಣ ಹಿಡಿದು ಹೊರಗಿನಿಂದ ಅಳೆದದ್ದನ್ನು ನಂಬಲಿಲ್ಲ. ಒಂದು ಹಸುವನ್ನು ಕೊಯ್ಯಬೇಕು, ಆಗ ಉಳಿದವು ಉಳಿಯುತ್ತವೆ. ಅದನ್ನು ನಿಮಗೆ ಹೇಳಲು ಅಡುಗೆಮನೆಯ ಹೊಸ್ತಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ನೀವು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಹಗ್ಗ ನಾನೇ ಬಿಚ್ಚಿ ಕೊಡ್ತೀನಿ. ಯಾವುದು ಅಂತ ಮಾತ್ರ ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ."

ನಾನು ಹಸುಗಳ ಪೈಕಿ ಮೊಂಡಿಯನ್ನು ತೋರಿಸಿದೆ. ವಯಸ್ಸಾಗಿತ್ತು, ಹಾಲು ಬತ್ತುತ್ತಿತ್ತು, ಎಲ್ಲ ರೀತಿಯಿಂದಲೂ ಸರಿಯಾದ ಆಯ್ಕೆ. ಎಂದೂ ಯಾರ ಮಾತೂ ಕೇಳದ ಹಸು ಅಂದು ನಿಮ್ಮ ಹಿಂದೆ ಲಾರಿಯವರೆಗೂ ಸುಮ್ಮನೆ ನಡೆದು ಬಂತು. ಪುನಃ ಅದೇ ಆಯ್ಕೆ ಬಂದರೂ ನಾನು ಅದನ್ನೇ ತೋರಿಸುತ್ತೇನೆ, ಅತ್ತಿಗೆ. ಹಾಗಂತ ಅಂದಿನಿಂದ ನಿದ್ದೆ ಬರುತ್ತಿದೆ ಎಂದಲ್ಲ.

ಮೊಂಡಿಯ ಮಾಂಸ ನನ್ನ ಲೆಕ್ಕದ ಪ್ರಕಾರವೇ ಬಂತು. ಕೊಲ್ಲುವ ಆದೇಶ ರದ್ದಾಯಿತು. ನಿಮ್ಮ ಕೊಟ್ಟಿಗೆಯದಷ್ಟೇ ಅಲ್ಲ, ಆ ಕಣಿವೆಯ ದನಗಳೆಲ್ಲ ಉಳಿದವು. ಕಚೇರಿಯಲ್ಲಿ ಕೈಕುಲುಕಿದರು, ಕುರಿಗಳ ಲೆಕ್ಕ ಯಾವಾಗ ಶುರು ಮಾಡುತ್ತೀರಿ ಎಂದು ಅದೇ ಉಸಿರಿನಲ್ಲಿ ಕೇಳಿದರು. ಸಂತೋಷಪಡಲು ಮೈಯಲ್ಲಿ ಕಸುವಿರಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಕೂತೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಹಾಲಿನ ಕೊನೆಯ ವರದಿ ಇಂದು ಬಂದಿದೆ. ಕುಡಿಯಬಹುದು. ಮಕ್ಕಳೂ ಕುಡಿಯಬಹುದು. ಹಾಲು ಚೆಲ್ಲುವ ಆದೇಶವನ್ನು ಹಿಂತೆಗೆದ ಪತ್ರಕ್ಕೂ ಸಹಿಯಾಗಿದೆ, ಅದರ ಪ್ರತಿ ಪಶುವೈದ್ಯರ ಬಳಿಯೇ ಇದೆ. ನಾಳೆ ಬೆಳಿಗ್ಗೆ ಕರೆದದ್ದನ್ನು ಚೆಲ್ಲಬೇಡಿ.

ಊರವರು ಹೆದರುತ್ತಾರೆ, ಅವರನ್ನು ದೂರುವ ಹಾಗಿಲ್ಲ. ನಾನು ಮೊದಲ ಬಸ್ಸಿಗೇ ಬರುತ್ತೇನೆ. ರಜೆ ಕೇಳಲಿಲ್ಲ, ನಾಳೆ ಇರುವುದಿಲ್ಲ ಎಂದು ಹೇಳಿಬಿಟ್ಟೆ. ಹಾಲಿನ ಕೇಂದ್ರದ ಮುಂದೆ ಎಲ್ಲರ ಎದುರು ನೀವು ಲೋಟಕ್ಕೆ ಸುರಿದು ಕೊಡಿ, ಮೊದಲು ನಾನು ಕುಡಿಯುತ್ತೇನೆ. ಆಮೇಲೆ ಸಗಣಿ ಬಾಚಲು ಬುಟ್ಟಿ ಎಲ್ಲಿದೆ ತೋರಿಸಿ.

ನಿಮ್ಮ ಕೊಟ್ಟಿಗೆ ತುಂಬಿರಲಿ, ನಿಮ್ಮ ಕೈ ಸೋಲದಿರಲಿ.

ನಿಮ್ಮ ನಾದಿನಿ