ಗೋಸುಂಬೆಗೆ ಮಡಿಲಕ್ಕಿ

ಅಕ್ಟೋಬರ್ 3, 2000. ಮಂಗಳವಾರ

ಬೆಳಿಗ್ಗೆ ಮತ್ತೆ ವಾಂತಿ. ಐದನೇ ತಿಂಗಳಿಗೆ ನಿಲ್ಲುತ್ತದೆ ಅಂದಿದ್ದರು ಎಲ್ಲರೂ. ಯಾರ ಐದನೇ ತಿಂಗಳೋ.

ಅನುರಾಗ್ ಏಳಕ್ಕೇ ಆಫೀಸಿಗೆ ಹೊರಟರು. ಪೂಜೆಗೆ ಹೂವು ಕೊಯ್ಯಲು ಹೋದೆ. ಪಾರ್ಕಿಂಗ್ ಲಾಟಿನ ಬೇಲಿಯ ದಾಸವಾಳ, ಅಪಾರ್ಟ್‌ಮೆಂಟಿನ ಮ್ಯಾನೇಜರ್ ಏಳುವ ಮೊದಲು. ಹಿಡಿಯಲು ಹೋದ ರೆಂಬೆ ಕಣ್ಣು ತಿರುಗಿಸಿತು! ಗೋಸುಂಬೆ. ಮೂತಿಯ ಮೇಲೆ ಮೂರು ಕೊಂಬು. ಕಿರುಚಿದೆ. ಅದು ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಒಂದು ಕಾಲು ಎತ್ತಿ, ಯೋಚಿಸಿ, ಇಟ್ಟಿತು.

ದೇವರಿಗೆ ಇವತ್ತು ಹೂವಿಲ್ಲ. ಬರೀ ಅಕ್ಷತೆ.

ಅಕ್ಟೋಬರ್ 5

ನಾನು ಹೇಳಿದ್ದನ್ನು ಅನುರಾಗ್ ನಂಬಿರಲಿಲ್ಲ. ‘ಲಾಸ್ ಗ್ಯಾಟೋಸಲ್ಲಿ ಗೋಸುಂಬೇನಾ? ನಿದ್ದೆಗಣ್ಣಲ್ಲಿ ನೋಡಿರ್ತೀಯ ಬಿಡು.’ ಕಣ್ಣಾರೆ ನೋಡಿದ ಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿ ಯಾರಿಗೋ ಈಮೇಲ್ ಮಾಡಿದರು. ಇವತ್ತು ಆ ಯಾರೋ ಬಂದರು — ಲೊರೇನ್. ಅರವತ್ತು ದಾಟಿದ ಹೆಂಗಸು, ಹಳೇ ಟ್ರಕ್ಕು, ದೊಡ್ಡ ದನಿ. ದಿಕ್ಕಿಲ್ಲದ ಹಾವು ಹಲ್ಲಿಗಳಿಗೆ ಮನೆ ಹುಡುಕಿ ಕೊಡುವುದೇ ಕೆಲಸವಂತೆ.

ಅದು ಇಲ್ಲಿಗೆ ಬಂದ ಗುಟ್ಟು ಹೇಳಿದವರು ಪಕ್ಕದ ಮನೆಯವರು. ಮೇಲಿನ ಮನೆಯ ಹುಡುಗನ ಸ್ಟಾರ್ಟಪ್ಪು ಬೇಸಿಗೆಯಲ್ಲಿ ಮುಚ್ಚಿತಲ್ಲ, ರಾತ್ರೋರಾತ್ರಿ ಖಾಲಿ ಮಾಡುವಾಗ ಸಾಕಿದ್ದ ಗೋಸುಂಬೆಗಳ ಪಂಜರ ತೆರೆದು ಬೇಲಿಗೆ ಬಿಟ್ಟುಹೋದನಂತೆ. ಆಫ್ರಿಕಾದ ಪ್ರಾಣಿ. ಲೊರೇನ್ ಪ್ರಕಾರ ಚಳಿ ಬಿದ್ದರೆ ಸಾಯಬಹುದು. ಸಾಯದೆ ಸಂಸಾರ ಬೆಳೆಸಿದರೆ ಇಲ್ಲಿನ ಹುಳಹುಪ್ಪಟೆಗೆ ಗಂಡಾಂತರ. ಹೇಗಿದ್ದರೂ ಬಿಡುವಂತಿಲ್ಲ. ಜೊತೆಗೆ ಸೋಮವಾರ ಬೇಲಿ ಕಡಿಸುತ್ತಾರೆ ಅಂತ ಬಾಗಿಲಿಗೆ ನೋಟೀಸು ಬೇರೆ.

ಅಕ್ಟೋಬರ್ 7. ರಾತ್ರಿ 9:30

ಸಿಕ್ಕವು! ಕತ್ತಲಾದ ಮೇಲೆ ಫ್ಲಾಶ್‌ಲೈಟ್ ಹಿಡಿದು ಹುಡುಕಬೇಕಂತೆ. ಮಲಗಿದಾಗ ಮೈಬಣ್ಣ ಬಿಳಿಚಿಕೊಳ್ಳುತ್ತದೆ, ಹಸಿರಿನ ನಡುವೆ ಎದ್ದು ಕಾಣುತ್ತದೆ. ಹಗಲೆಲ್ಲ ಬಚ್ಚಿಟ್ಟುಕೊಂಡಿದ್ದು ನಿದ್ದೆಯಲ್ಲಿ ಸಿಕ್ಕಿಬೀಳುವುದು. ಪಾಪ ಅನ್ನಿಸಿತು.

ಎರಡು ಗಂಡು. ಕೊನೆಯಲ್ಲಿ, ನೆಲದ ಹತ್ತಿರ, ಕೊಂಬಿಲ್ಲದ ಒಂದು ಹೆಣ್ಣು. ಲೊರೇನ್ ಅದರ ಹೊಟ್ಟೆ ಮೆಲ್ಲಗೆ ಸವರಿ ನನ್ನ ಹೊಟ್ಟೆ ನೋಡಿ ನಕ್ಕಳು. ಇದೂ ಬಸುರಿ. ಈ ಜಾತಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹೆರುತ್ತದೆ.

ಗಂಡುಗಳನ್ನು ಅವಳು ಒಯ್ದಳು. ಅವಳ ಮನೆ ಭರ್ತಿಯಂತೆ. ಇವಳು ಕೆಲವು ದಿನ ನಮ್ಮ ಬಾಲ್ಕನಿಯಲ್ಲಿ. ಬಲೆಯ ಲಾಂಡ್ರಿ ಬುಟ್ಟಿಯೇ ಮನೆ, ಒಳಗೊಂದು ಗಿಡ.

ಅಕ್ಟೋಬರ್ 11

ಬಟ್ಟಲಲ್ಲಿ ಇಟ್ಟರೆ ಮಹಾರಾಣಿ ನೀರು ಮುಟ್ಟುವುದಿಲ್ಲ. ಎಲೆಯ ಮೇಲಿನ ಹನಿಯನ್ನೇ ನೆಕ್ಕಬೇಕು. ತೀರ್ಥದ ಉದ್ಧರಣೆಯಿಂದ ಒಂದೊಂದೇ ಹನಿ ಬಿಡುತ್ತೇನೆ. ಅನುರಾಗ್ ನೋಡಿ, ‘ಮೈಥಿಲಿ, ಅದು ದೇವರದಲ್ವೇನೇ?’ ಅಂದರು. ತೊಳೆದಿಡುತ್ತೇನೆ ಅಂದೆ. ತೊಳೆದೆ ಕೂಡ.

ಅಮ್ಮನಿಗೆ ಫೋನು. ಬಚ್ಚಲಲ್ಲಿ ಜಾರಿ ಮುರಿದ ಕಾಲು ಇನ್ನೂ ಕೂಡಿಲ್ಲ. ಫೆಬ್ರವರಿಗೆ ಬರಲು ಆಗುವುದೇ ಇಲ್ಲ, ಡಾಕ್ಟರು ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಮೈಸೂರಿನಲ್ಲಿ ಅವಳು ಅತ್ತಳು. ಇಲ್ಲಿ ನಾನು ‘ಪರವಾಗಿಲ್ಲಮ್ಮ, ಇಲ್ಲಿ ಆಸ್ಪತ್ರೆ ಚೆನ್ನಾಗಿದೆ’ ಅಂದೆ.

ಪರವಾಗಿಲ್ಲ ಅಂದದ್ದು ಸುಳ್ಳು. ಭಯವಾಗುತ್ತದೆ. ಅತ್ತೆ ಇಲ್ಲ, ಅಕ್ಕತಂಗಿಯರಿಲ್ಲ. ನೋವು ಬಂದಾಗ ಕೈ ಹಿಡಿಯಲು ಒಬ್ಬ ಹೆಂಗಸಿಲ್ಲ.

ಬುಟ್ಟಿಯ ಮುಂದೆ ಕೂತು ಒಂದು ಮಾತು ಅಂದುಕೊಂಡೆ. ಇವಳದು ಸುಸೂತ್ರವಾದರೆ ನನ್ನದೂ ಆಗುತ್ತದೆ. ಅದಕ್ಕೇ ಹೆರುವವರೆಗೂ ಇವಳು ಇಲ್ಲೇ ಇರಲಿ. ಹುಚ್ಚು. ಇರಲಿ.

ಅಕ್ಟೋಬರ್ 19

ಚೆಕಪ್ಪು. ಮನೆಯಲ್ಲಿ ಸಾಕುಪ್ರಾಣಿ ಇದೆಯಾ ಅಂತ ಡಾಕ್ಟರ್ ಕೇಳಿದರು. ಸುಮ್ಮನಿರಬಹುದಿತ್ತು, ಅನುರಾಗ್ ಹೇಳಿಬಿಟ್ಟರು. ಈ ಜಾತಿಯ ಮೈಮೇಲೆ ಏನೋ ಸೋಂಕು ಇರುತ್ತದಂತೆ, ಬಸುರಿಗೆ ಅಪಾಯ. ಇವತ್ತೇ ಸಾಗಹಾಕಿ ಅಂದರು.

ಅನುರಾಗ್ ಕಾರಿನಿಂದಲೇ ಲೊರೇನ್‌ಗೆ ಫೋನು ಮಾಡಿದರು, ಹೇಗೋ ಜಾಗ ಮಾಡಿ ಶನಿವಾರ ಬಂದು ಒಯ್ಯುತ್ತಾಳಂತೆ. ಮನೆಗೆ ಬಂದು ಜಗಳವಾಡಿದೆ. ‘ನಂಗೆ ನೀನು ಮುಖ್ಯ ಕಣೆ, ಗೋಸುಂಬೆ ಅಲ್ಲ’ ಅಂದರು. ಅವರದು ತಪ್ಪಲ್ಲ. ಅದೇ ಸಿಟ್ಟು.

ಅಕ್ಟೋಬರ್ 21. ಶನಿವಾರ

ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಮೊದಲು ಬೈದಳು — ‘ಬಸುರಿ ಹೆಂಗಸು ಗೋಸುಂಬೆ ಮುಟ್ಟೋದೇನೇ!’ ಅದೂ ಬಸುರಿ, ಇವತ್ತು ಲೊರೇನ್ ಜೊತೆ ಹೊರಡುತ್ತದೆ ಅಂದೆ. ಆಮೇಲೆ, ‘ಹಾಗಾದ್ರೆ ಬರಿಗೈಲಿ ಕಳಿಸ್ಬೇಡ ಮಗು. ನಿನ್ ಮನೇಲಿ ಉಂಡಿದೆ.’

ತಮಾಷೆಗೆ ಅಂದಳೋ ಏನೋ. ನಾನು ತಮಾಷೆ ಮಾಡಲಿಲ್ಲ. ಹೊಸ ರವಿಕೆ ಬಟ್ಟೆ ಹಾಸಿ ಸೋನಾ ಮಸೂರಿ ಅಕ್ಕಿ, ಕೊಬ್ಬರಿ ಗಿಟುಕು, ಬೆಲ್ಲದಚ್ಚು, ಅರಿಶಿನದ ಕೊಂಬು. ಅಮ್ಮ ನನಗೆ ಏರ್‌ಪೋರ್ಟಿಗೆ ಹೊರಡುವಾಗ ಮಡಿಲು ತುಂಬಿದ ಹಾಗೆಯೇ. ಅದನ್ನು ಇವಳ ಪ್ರಯಾಣದ ಡಬ್ಬದ ತಳಕ್ಕೆ ಇಟ್ಟೆ.

ಲೊರೇನ್ ಮುಚ್ಚಳ ತೆರೆದು ನೋಡಿ ಗಾಬರಿ. ಅಕ್ಕಿ ಬಾಯಿಗೆ ಹೋದರೆ ಕಷ್ಟ, ಇವಳು ತಿನ್ನುವುದು ಹುಳ, ಬೆಲ್ಲವಲ್ಲ ಅಂದಳು! ತಿನ್ನಲಿಕ್ಕಲ್ಲ ಅಂದೆ. ನಮ್ಮಲ್ಲಿ ಮಗಳು ತವರಿಂದ ಹೊರಡುವಾಗ ತಾಯಿ ಮಡಿಲಿಗೆ ಹಾಕುತ್ತಾಳೆ, ಬರಿಗೈಲಿ ಕಳಿಸುವುದಿಲ್ಲ. ನನ್ನಮ್ಮನಿಗೆ ಬರಲು ಆಗುವುದಿಲ್ಲ... ಅಲ್ಲಿಗೆ ನನ್ನ ಇಂಗ್ಲಿಷೂ ನಿಂತಿತು, ಅಳುವೂ ಬಂತು. ಥೂ.

ಅವಳು ನಗಲಿಲ್ಲ. ಬಟ್ಟೆಯ ನಾಲ್ಕೂ ತುದಿ ಗಂಟು ಹಾಕಿ, ಗಂಟನ್ನು ಟ್ರಕ್ಕಿನ ಮುಂದಿನ ಸೀಟಿನಲ್ಲಿ ಇಟ್ಟುಕೊಂಡಳು. ಡಬ್ಬದಲ್ಲಿ ಇವಳು. ಒಂದು ಕಣ್ಣು ಲೊರೇನ್ ಕಡೆ, ಒಂದು ಕಣ್ಣು ನನ್ನ ಕಡೆ.

ಡಿಸೆಂಬರ್ 2

ಬರೆಯಲು ಏನೂ ಇರಲಿಲ್ಲ. ಇವತ್ತು ಇದೆ.

ಲೊರೇನ್ ಫೋನು. ನಮ್ಮವಳು ಹೆತ್ತಳು! ಡಜನ್ನಿಗೂ ಹೆಚ್ಚು, ಎಲ್ಲ ಬೆಂಕಿಕಡ್ಡಿಯಷ್ಟು. ಹುಟ್ಟಿದ ಗಳಿಗೆಯಿಂದ ಒಂದೊಂದೂ ಒಂದೊಂದು ರೆಂಬೆ ಹಿಡಿದು ಕೂತಿವೆಯಂತೆ. ತಾಯಿ ತಿರುಗಿಯೂ ನೋಡಲಿಲ್ಲವಂತೆ, ಅವುಗಳ ರೀತಿಯೇ ಹಾಗಂತೆ. ಬಾಣಂತನ ಅವಳಿಗೂ ಬೇಡ, ಮರಿಗೂ ಬೇಡ. ಬೆಳೆದ ಮೇಲೆ ಮರಿಗಳಿಗೆ ಲೊರೇನ್ ಮನೆ ಹುಡುಕುತ್ತಾಳಂತೆ.

ಖುಷಿ. ಆದರೆ ನಾನು ಗೋಸುಂಬೆ ಅಲ್ಲವಲ್ಲ.

ಫೆಬ್ರವರಿ 20, 2001. ಬೆಳಿಗ್ಗೆ

ಆರು ಗಂಟೆಯಿಂದ ನೋವು. ಬರೀ ಬೆನ್ನುನೋವು ಅಂತ ನಾನೇ ಅನುರಾಗರನ್ನು ಕೆಲಸಕ್ಕೆ ಕಳಿಸಿದ್ದೆ. ಅವರಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಲೈಂಟ್ ಮೀಟಿಂಗು. ಈಗ ಹೊರಟಿದ್ದಾರೆ, ಫ್ರೀವೇ ಜ್ಯಾಮು. ‘ಸೀದಾ ಆಸ್ಪತ್ರೆಗೇ ಬರ್ತೀನಿ, ಹೆದರ್ಬೇಡ’ ಅಂತ ಹೆದರಿದ ದನಿಯಲ್ಲಿ.

ಬೇರೆ ಯಾರ ನಂಬರೂ ಹೊಳೆಯಲಿಲ್ಲ. ಲೊರೇನ್‌ಗೆ ಮಾಡಿದೆ. ಬಂದಳು, ಪೈಜಾಮದಲ್ಲೇ. ಬಂದವಳೇ ಸೋಫಾದ ಮೇಲೆ ಕೂರಿಸಿ ನನ್ನ ಮಡಿಲಲ್ಲಿ ಏನೋ ಇಟ್ಟಳು.

ಅದೇ ಗಂಟು. ನಾನು ಕೊಟ್ಟದ್ದೇ, ಬಿಚ್ಚೇ ಇಲ್ಲ. ಗಾಜಿನ ಡಬ್ಬಿಯಲ್ಲಿ ಇಟ್ಟಿದ್ದಳಂತೆ. ನಿನ್ನಮ್ಮನಿಗೆ ಬರಲು ಆಗಲಿಲ್ಲವಲ್ಲ, ನಾನು ಸರಿಯಾಗಿ ಮಾಡುತ್ತಿದ್ದೇನಾ ಅಂತ ಕೇಳಿದಳು.

ಸರಿಯಾಗಿದೆ ಅಂದೆ. ನನ್ನ ಬ್ಯಾಗನ್ನು ಟ್ರಕ್ಕಿಗೆ ಇಡಲು ಹೋಗಿದ್ದಾಳೆ. ಗಂಟು ತೊಡೆಯ ಮೇಲೇ ಇದೆ, ಅಕ್ಕಿ ತಣ್ಣಗಿದೆ. ಮತ್ತೆ ನೋವು... ಕರೆಯುತ್ತಿದ್ದಾಳೆ. ಅಮ್ಮನಿಗೆ ಹೇಳಬೇಕು, ನನ್ನನ್ನೂ ಬರಿಗೈಲಿ ಯಾರೂ —